ಮುತ್ತು ಕೊಟ್ಟು ಬಿಟ್ಟ ಮೀನು

ನಮ್ಮಮ್ಮ ನನ್ನ ಜೊತೆ ಮಾತು ಬಿಟ್ಟು ಇವತ್ತಿಗೆ ಐದು ದಿನ.

ಮನೆಯಲ್ಲಿರುವುದೇ ಮೂರು ಜನ. ಅಮ್ಮ, ನಾನು, ನನ್ನ ಹೆಂಡತಿ ಸುಮ. ಮಂಡ್ಯದ ಗುತ್ತಲಿನಲ್ಲಿರುವ ನಮ್ಮ ಮನೆ ಎಷ್ಟು ದೊಡ್ಡದೆಂದರೆ, ಅಡುಗೆಮನೆಯಲ್ಲಿ ಒಗ್ಗರಣೆ ಹಾಕಿದರೆ ಗೇಟಿನ ಹತ್ತಿರ ನಿಂತವರು ಸೀನುತ್ತಾರೆ. ಇಷ್ಟು ಜಾಗದಲ್ಲಿ ಒಬ್ಬರ ಜೊತೆ ಮಾತಾಡದೆ ಐದು ದಿನ ಕಳೆಯುವುದು ಸುಲಭವಲ್ಲ. ಅಮ್ಮ ಕಳೆದಿದ್ದಾಳೆ. ನಾನು ಎದುರಿಗೇ ಕೂತಿದ್ದರೂ ಸುಮನ ಕಡೆ ತಿರುಗಿ, "ಮುದ್ದೆ ಆರೋಯ್ತದೆ ಅಂತ ಯೋಳವ್ವ ಅವುನ್ಗೆ" ಅನ್ನುತ್ತಾಳೆ. ಸುಮ ನನ್ನ ಕಡೆ ತಿರುಗಿ, "ಮುದ್ದೆ ಆರುತ್ತಂತೆ ರೀ" ಅನ್ನುತ್ತಾಳೆ. ನಾನು ತಲೆ ತಗ್ಗಿಸಿ ತಟ್ಟೆಗೆ ಕೈ ಹಾಕುತ್ತೇನೆ.

ಕಾರಣ ಏನು ಅಂತೀರಾ? ಒಂದು ಮೀನು.

ಸಿಗದೇ ಹೋದ ಮೀನಾಗಿದ್ದರೆ ಕ್ಷಮೆ ಇತ್ತು. ಇದು ಸಿಕ್ಕಿದ ಮೀನು. ಅದೇ ತಾಪತ್ರಯ.

ಮೊದಲಿನಿಂದ ಹೇಳುತ್ತೇನೆ. ನಾನು ಮದ್ದೂರಿನ ಒಂದು ಪಿಯು ಕಾಲೇಜಿನಲ್ಲಿ ಕಾಮರ್ಸ್ ಲೆಕ್ಚರರ್. ವಯಸ್ಸು ನಲವತ್ತೊಂಬತ್ತು. ಬಿಪಿ ಇದೆ. ಏನಾದರೂ ಒಂದು ಹವ್ಯಾಸ ಇಟ್ಟುಕೊಳ್ಳಿ ಅಂತ ಡಾಕ್ಟರು ಹೇಳಿದರು. ಅವರು ಹೇಳಿದ್ದು ವಾಕಿಂಗ್ ಅನ್ನುವ ಅರ್ಥದಲ್ಲಿ. ನಾನು ಸೋಫಾದ ಮೇಲೆ ಕಾಲು ಚಾಚಿ ಯೂಟ್ಯೂಬ್ ತೆಗೆದೆ.

ಅಲ್ಲಿ ಒಬ್ಬ ಬಿಳಿ ಗಡ್ಡದ ಫಾರಿನ್ ಮನುಷ್ಯ ಸಿಕ್ಕ. ಯಾವುದೋ ಸರೋವರದ ದಡದಲ್ಲಿ ನಿಂತು ಬಾಸ್ ಅನ್ನುವ ಮೀನು ಹಿಡಿಯುತ್ತಾನೆ. ಅವನ ಸಿದ್ಧಾಂತ ಇಷ್ಟೇ: ಸಾಮಾನು ಕಮ್ಮಿಯಾದಷ್ಟೂ ಸುಖ ಜಾಸ್ತಿ. ಒಂದು ರಾಡು, ಒಂದು ರೀಲು, ಅಂಗಿ ಜೇಬಿನಲ್ಲಿ ಹಿಡಿಯುವ ಡಬ್ಬಿಯಲ್ಲಿ ಮೂರೇ ಮೂರು ಲೂರು. (ಲೂರು ಅಂದರೆ ನಕಲಿ ಎರೆ. ರಬ್ಬರ್ ಕಪ್ಪೆ, ಪ್ಲಾಸ್ಟಿಕ್ ಮರಿಮೀನು, ಇಂಥವು. ಮೀನು ಅದನ್ನು ನಿಜವೆಂದು ನಂಬಿ ಬಾಯಿ ಹಾಕಬೇಕು.) ಮೀನು ಬಿದ್ದ ಮೇಲೆ ಅದನ್ನು ಎತ್ತಿ ಕ್ಯಾಮೆರಾಗೆ ತೋರಿಸುತ್ತಾನೆ. ನೆತ್ತಿಗೊಂದು ಮುತ್ತು ಕೊಡುತ್ತಾನೆ. ಮೆಲ್ಲಗೆ ನೀರಿಗೆ ಬಿಡುತ್ತಾನೆ. ಕ್ಯಾಚ್ ಅಂಡ್ ರಿಲೀಸ್! ಮೀನು ಬಾಲ ಆಡಿಸಿಕೊಂಡು ಹೊರಟುಹೋಗುತ್ತದೆ. ಹಿಂದೆ ಪಿಯಾನೋ ಬಾರಿಸುತ್ತಿರುತ್ತದೆ.

ನನಗೆ ಕಣ್ಣು ಒದ್ದೆಯಾಯಿತು. ಎಂಥ ಬದುಕು! ಆವತ್ತಿನಿಂದ ದಿನಾ ರಾತ್ರಿ ಊಟವಾದ ಮೇಲೆ ಎರಡು ವೀಡಿಯೋ. ಭಾನುವಾರ ಆರು. ಅವನು ಬಿಟ್ಟ ಮೀನುಗಳನ್ನೆಲ್ಲ ನಮ್ಮ ವಿ.ಸಿ. ನಾಲೆಗೆ ಬಿಟ್ಟಿದ್ದರೆ ನಾಲೆ ತುಂಬಿ ಹರಿಯುತ್ತಿತ್ತು.

ಒಂದು ರಾಡು ಸಾಕು ಅಂತ ತೀರ್ಮಾನವಾಯಿತು. ಆದರೆ ಆ ಒಂದು ಯಾವುದು? ಒಂದು ತರಿಸಿದೆ, ಉದ್ದವಾಯಿತು. ಇನ್ನೊಂದು ತರಿಸಿದೆ, ಬಳುಕಿತು. ಮೂರನೆಯದು ಬಸ್ಸಿನಲ್ಲಿ ಒಯ್ಯಲು ಮಡಚುವಂಥದ್ದು. ನಾಲ್ಕನೆಯದು ಯಾಕೆ ತರಿಸಿದೆ ಅಂತ ಈಗ ನೆನಪಿಲ್ಲ. ಮೂರೇ ಮೂರು ಲೂರು ಆರಿಸಿಕೊಳ್ಳಬೇಕೆಂದರೆ ಮೂವತ್ತಾದರೂ ಎದುರಿಗೆ ಇರಬೇಕಲ್ಲವೇ? ಅವೂ ಬಂದವು. ಬಟ್ಟೆ ಬೀರುವಿನ ಕೆಳಗಿನ ಅರೆ ಖಾಲಿ ಮಾಡಿಸಿದೆ.

ಸುಮ ತನ್ನ ಸೀರೆಗಳನ್ನು ಮಂಚದ ಕೆಳಗೆ ತುರುಕುತ್ತಾ, "ಕಮ್ಮಿ ಸಾಮಾನಲ್ಲಿ ಬದುಕೋಕೆ ಇಷ್ಟೊಂದು ಸಾಮಾನು ಬೇಕಾ ರೀ?" ಅಂದಳು.

ನಿನಗೆ ಅರ್ಥವಾಗಲ್ಲ ಬಿಡು ಅಂದೆ. ನನಗೂ ಅರ್ಥವಾಗಿರಲಿಲ್ಲ.

ಇನ್ನು ಮೀನು. ನಮ್ಮ ಕೆರೆಗಳಲ್ಲಿ ಬಾಸ್ ಇಲ್ಲ. (ಆಫೀಸುಗಳಲ್ಲಿ ಇರುವವರ ಸುದ್ದಿ ಇಲ್ಲಿ ಬೇಡ.) ನಮ್ಮಲ್ಲಿ ರಬ್ಬರ್ ಕಪ್ಪೆಗೆ ಮರುಳಾಗುವ ಒಂದೇ ಮಹಾನುಭಾವ ಕೊರಮೀನು. ಹಾವಿನ ತಲೆ, ಕಪ್ಪು ಮೈ, ಜೊಂಡಿನ ಬುಡದಲ್ಲಿ ವಾಸ. ನೀರಿನಿಂದ ತೆಗೆದರೂ ಗಂಟೆಗಟ್ಟಲೆ ಜೀವ ಬಿಡದ ಗಟ್ಟಿಪಿಂಡ.

ಕೊರಮೀನು ಅಂದರೆ ನಮ್ಮ ಮನೆಯಲ್ಲಿ ನಮ್ಮಪ್ಪ. ಅಪ್ಪ ನಾಲೆಯ ನೀರುಗಂಟಿಯಾಗಿದ್ದ. ಯಾವ ತೂಬು ಎಷ್ಟು ಎತ್ತಬೇಕು, ಯಾರ ಗದ್ದೆಗೆ ಯಾವ ದಿನ ನೀರು ಅಂತ ನೋಡಿಕೊಳ್ಳುವ ಕೆಲಸ. ನಾಲೆ ನಿಲ್ಲಿಸಿದ ದಿನ ತೂಬಿನ ಕೆಳಗಿನ ಗುಂಡಿಯಲ್ಲಿ ಕೊರಮೀನು ಉಳಿದುಕೊಳ್ಳುತ್ತಿದ್ದವು. ಅಪ್ಪ ಪಂಚೆ ಎತ್ತಿ ಕಟ್ಟಿ, ಕೆಸರಿಗೆ ಕೈ ಹಾಕಿ ಹಿಡಿದು, ಹೆಗಲ ಟವೆಲಿನಲ್ಲಿ ಸುತ್ತಿಕೊಂಡು ಬರುತ್ತಿದ್ದ. ಅಮ್ಮ ಹುಣಸೆಹುಳಿ, ಮೆಂತ್ಯ, ಸುಟ್ಟ ಈರುಳ್ಳಿ ಹಾಕಿ ಸಾರು ಮಾಡುತ್ತಿದ್ದಳು. ಆವತ್ತು ಅಪ್ಪ ಒಂದು ಮುದ್ದೆ ಜಾಸ್ತಿ ಉಣ್ಣುತ್ತಿದ್ದ. ಬೇರೆ ಮೀನು ಮುಟ್ಟುತ್ತಿರಲಿಲ್ಲ. ಕಾಟ್ಲಾ ತಂದರೆ, "ಹತ್ತಿ ತಿಂದಂಗದೆ, ತಗಂಡೋಗು" ಅನ್ನುತ್ತಿದ್ದ.

ಅಪ್ಪ ಹೋಗಿ ಮೂರು ವರ್ಷವಾಯಿತು. ಕಿಡ್ನಿ ಕೈಕೊಟ್ಟಿತ್ತು. ಕಡೆಯ ತಿಂಗಳಲ್ಲಿ ಒಂದು ಮಧ್ಯಾಹ್ನ ನನ್ನನ್ನು ಹತ್ತಿರ ಕರೆದು, "ಒಂದು ಬಟ್ಲು ಕೊರಮೀನ್ ಸಾರು ಮಾಡುಸ್ಲಾ, ನಾಲ್ಗೆ ಸತ್ತೋಗದೆ" ಅಂದ. ನಾನು ಫೋನಿನಲ್ಲಿ ಒಂದು ವೀಡಿಯೋ ತೆಗೆದು ತೋರಿಸಿದೆ. ಕಿಡ್ನಿ ರೋಗಿಗಳು ಏನು ತಿನ್ನಬಾರದು ಅಂತ ಹದಿನಾಲ್ಕು ನಿಮಿಷ ಹೇಳುವ ವೀಡಿಯೋ. "ನೋಡಪ್ಪ, ಮೀನು ಬೇಡ ಅಂತಾರೆ. ವಾಸಿಯಾಗ್ಲಿ, ಆಮೇಲೆ ದಿನಾ ತಿನ್ನುವೆಯಂತೆ." ಅಪ್ಪ ವೀಡಿಯೋ ಪೂರ್ತಿ ನೋಡಿದ. ಹದಿನಾರನೇ ದಿನಕ್ಕೆ ಹೋಗಿಬಿಟ್ಟ.

ಅದಕ್ಕೇ ಪಕ್ಷದ ಎಡೆಗೆ ಬೇರೆ ಏನಿಲ್ಲದಿದ್ದರೂ ಕೊರಮೀನು ಸಾರು ಇರಬೇಕು ಅಂತ ಅಮ್ಮನ ಹಟ. ನಮ್ಮ ಕಡೆ ಪಿತೃಪಕ್ಷದ ಎಡೆ ಹೇಗಿರುತ್ತದೆ ಅಂತ ನಿಮಗೆ ಗೊತ್ತು. ಸತ್ತವರಿಗೆ ಏನೇನು ಇಷ್ಟವೋ ಎಲ್ಲ ಎಲೆಗೆ ಬರಬೇಕು. ಬಾಡು, ವಡೆ, ಕಜ್ಜಾಯ, ಬೀಡಿ ಕಟ್ಟು, ಬೆಂಕಿಪೊಟ್ಟಣ, ಹೊಸ ಟವೆಲು. ಕೊರಮೀನನ್ನು ಎರಡು ವರ್ಷ ಅಂಗಡಿಯಿಂದ ತಂದೆವು.

ಈ ವರ್ಷ ನಾನು ಘೋಷಿಸಿದೆ. "ಅಂಗಡಿ ಮೀನು ಬೇಡ. ನಾನೇ ಹಿಡಿದು ತರ್ತೀನಿ."

ಮೂರು ತಿಂಗಳಿಂದ ನಾನು ಕೆರೆಗೆ ಹೋಗಿ ಬರೀ ಜೊಂಡು ಹಿಡಿದು ಬರುತ್ತಿರುವುದನ್ನು ನೋಡಿದ್ದ ಸುಮ, "ಒಂದು ಮೀನು ತಂದಿಟ್ಟುಕೊಂಡಿರೋಣ, ಸೇಫ್ಟಿಗೆ" ಅಂದಳು. ಮಳವಳ್ಳಿಗೆ ಕೊಟ್ಟಿರುವ ನಮ್ಮಕ್ಕ ಫೋನಿನಲ್ಲಿ, "ನಾನು ಬರೋವಾಗ ತಕಬತ್ತೀನಿ ಕಣ್ಲಾ, ನಮ್ಮೂರಲ್ಲಿ ಜೀವ್ವಾಗಿರೋದೇ ಸಿಕ್ತದೆ" ಅಂದಳು. ಇಬ್ಬರಿಗೂ ಖಡಾಖಂಡಿತವಾಗಿ ಬೇಡ ಅಂದೆ. ಅಪ್ಪನಿಗೆ ಅವತ್ತು ಕೊಡದ ಸಾರನ್ನು ಈಗ ನನ್ನ ಕೈಯಾರೆ ಹಿಡಿದು ಕೊಡಬೇಕು ಅಂತ ನನ್ನ ಮನಸ್ಸಿನಲ್ಲಿತ್ತು. ಇದನ್ನು ಬಾಯಿಬಿಟ್ಟು ಹೇಳಲು ನಾಚಿಕೆಯಾಗಿ, "ಒಂದು ರಾಡು, ಒಂದು ಕಪ್ಪೆ, ಒಂದು ಮೀನು. ನೋಡ್ತಿರಿ" ಅಂತ ಜಂಬ ಕೊಚ್ಚಿದೆ.

ಅಮ್ಮ ನನ್ನ ಮುಖ ನೋಡಿದಳು. "ತತ್ತೀಯಾ?" ಅಂದಳು.

"ತರ್ತೀನಮ್ಮ."

"ಸರಿ, ಮಸಾಲೆ ಅರೆದಿಟ್ಟಿರ್ತೀನಿ."

ಎಡೆ ಇಡುವ ಭಾನುವಾರ ಬೆಳಕು ಹರಿಯುವ ಮುಂಚೆಯೇ ಸ್ಕೂಟರ್ ಹತ್ತಿದೆ. ಕೆರಗೋಡಿನ ಕಡೆ ಒಂದು ಸಣ್ಣ ಕೆರೆ. ಮೀನು ಸಾಕಣೆಗೆ ಗುತ್ತಿಗೆಗೆ ಕೊಟ್ಟಿದ್ದಾರೆ. ಅದನ್ನು ಕಾಯುವ ಯಜಮಾನರೊಬ್ಬರು ಏರಿಯ ಮೇಲೆ ತೆಂಗಿನಗರಿ ಚಪ್ಪರದ ಕೆಳಗೆ ಕೂತಿರುತ್ತಾರೆ. ಮೂರು ತಿಂಗಳಿಂದ ನನ್ನ ಏಕೈಕ ಪ್ರೇಕ್ಷಕ. ಮೊದಲ ದಿನ ರಬ್ಬರ್ ಕಪ್ಪೆಯನ್ನು ಕೈಯಲ್ಲಿ ಹಿಡಿದು ಹಿಂದೆ ಮುಂದೆ ತಿರುಗಿಸಿ, "ಇದುನ್ನ ತಿನ್ನೋವಷ್ಟು ದಡ್ಡ ಮೀನು ನಮ್ ಕೆರೇಲಿಲ್ಲ ಮೇಷ್ಟ್ರೇ" ಅಂದಿದ್ದರು. ಆಮೇಲಿನ ಮೂರು ತಿಂಗಳು ಅವರ ಮಾತು ನಿಜವಾಗಿತ್ತು.

ಆವತ್ತು ಅಪ್ಪನ ಎಡೆಗೆ ಕೊರಮೀನು ಬೇಕು ಅಂದಾಗ ಅವರ ಮುಖದ ಗಂಟು ಸಡಿಲವಾಯಿತು. "ಓ, ಅಪ್ಪಾರ ಎಡೆಗಾ? ಇಡ್ಕಳಿ ಇಡ್ಕಳಿ. ಕೊರಮೀನಾದ್ರೆ ಎಷ್ಟಾದ್ರೂ ಇಡ್ಕಂಡೋಗಿ. ನಾವ್ ಬುಟ್ಟಿರೋ ಮರಿನೆಲ್ಲ ಅದೇ ನುಂಗ್ಕಂಡ್ ಕುಂತದೆ." ಅಷ್ಟೇ ಅಲ್ಲ, ಎಲ್ಲಿ ಎಸೆಯಬೇಕು ಅಂತ ಬೆರಳು ಮಾಡಿ ತೋರಿಸಿದರು. ತಾವರೆ ಎಲೆಗಳ ನಡುವೆ ಒಂದು ಚಾಪೆಯಷ್ಟು ಬಯಲು ನೀರು. "ಆಗಾಗ ಉಸ್ರಾಡಕೆ ಮೇಲಕ್ ಬತ್ತದೆ, ನೋಡ್ತಾ ಇರಿ."

ಮೊಣಕಾಲಿನವರೆಗೆ ನೀರಿಗಿಳಿದೆ. ಎಸೆದೆ. ಕಪ್ಪೆ ಎಲೆಯ ಮೇಲೆ ಕೂತಿತು. ಎಳೆದೆ. ಮತ್ತೆ ಎಸೆದೆ. ಒಂದು ಸಲ ನನ್ನ ಟೋಪಿಗೇ ಸಿಕ್ಕಿಕೊಂಡಿತು. (ಯಜಮಾನರು ಮರ್ಯಾದಸ್ಥರು, ಬೇರೆ ಕಡೆ ನೋಡಿದರು.) ಎಂಟು ಗಂಟೆಯಾಯಿತು. ಒಂಬತ್ತಾಯಿತು. ಬೆನ್ನು ಪದ ಹೇಳತೊಡಗಿತು.

ಒಂಬತ್ತೂವರೆಯ ಹೊತ್ತಿಗೆ ಕಪ್ಪೆ ಎಲೆಯಿಂದ ನೀರಿಗೆ ಜಾರಿದ್ದೇ ತಡ, ನೀರು ಸಿಡಿಯಿತು. ಬಿಲ್ಲಿನಂತೆ ಬಾಗಿದ ರಾಡು ಕೈಯಿಂದ ಕಿತ್ತುಕೊಂಡು ಹೋಗುವ ಹಾಗೆ ಎಳೆಯಿತು. ನಾನು ಜೀವಮಾನದಲ್ಲಿ ಅಂಥ ಸದ್ದು ಮಾಡಿಲ್ಲ. ಕಿರುಚಿದೆನೋ ಅತ್ತೆನೋ ಗೊತ್ತಿಲ್ಲ. ಯಜಮಾನರು ಏರಿಯಿಂದ ಓಡಿ ಬಂದು, "ಬುಡಬ್ಯಾಡಿ, ಬುಡಬ್ಯಾಡಿ, ದಾರ ಸಡ್ಲ ಮಾಡಬ್ಯಾಡಿ!" ಅಂತ ಕೂಗಿದರು. ಐದು ನಿಮಿಷ ಗುದ್ದಾಡಿದ ಮೇಲೆ ಅದು ನನ್ನ ಕೈಗೆ ಬಂತು. ಮೊಳದುದ್ದದ ಕೊರಮೀನು. ಎರಡು ಕೆಜಿಗೆ ಮೋಸವಿಲ್ಲ. ಅಪ್ಪ ಹಿಡಿದು ತರುತ್ತಿದ್ದವೂ ಇಷ್ಟೇ ಗಾತ್ರದವು.

ಯಜಮಾನರ ಕೈಗೆ ಫೋನ್ ಕೊಟ್ಟು, "ಇಲ್ಲಿ ಒತ್ತಿ" ಅಂದೆ. ಎದೆಯ ಮಟ್ಟಕ್ಕೆ ಮೀನು ಎತ್ತಿ ಹಿಡಿದೆ. ಒಂದು ಫೋಟೋ. ಆಮೇಲೆ ಕಣ್ಣು ಮುಚ್ಚಿ, ಅದರ ಲೋಳೆ ನೆತ್ತಿಗೆ ಒಂದು ಮುತ್ತು ಕೊಟ್ಟೆ. ಇನ್ನೊಂದು ಫೋಟೋ. ಆಮೇಲೆ ಬಗ್ಗಿದೆ. ಎರಡೂ ಕೈಯಲ್ಲಿ ಮೆಲ್ಲಗೆ ನೀರೊಳಗೆ ಇಳಿಸಿದೆ. ಬೆರಳು ಸಡಿಲಿಸಿದೆ.

ಅದು ಬಾಲ ಆಡಿಸಿಕೊಂಡು ಹೊರಟುಹೋಯಿತು.

ದೇವರಾಣೆಗೂ ಹೇಳುತ್ತೇನೆ, ಆ ಕ್ಷಣ ನನ್ನ ಕಿವಿಯಲ್ಲಿ ಪಿಯಾನೋ ಕೇಳಿಸಿತು.

ನಾನು ಮೀನು ಹಿಡಿದದ್ದು ಅದೇ ಮೊದಲು. ಆದರೆ ಬಿಡುವುದನ್ನು? ಐನೂರು ಸಲ ನೋಡಿದ್ದೆ. ಕೈಗಳಿಗೆ ಪಾಠ ಬಾಯಿಪಾಠವಾಗಿತ್ತು. ಹಿಡಿ, ತೋರಿಸು, ಮುತ್ತು ಕೊಡು, ಬಿಡು. ಅಪ್ಪ, ಎಡೆ, ಮಸಾಲೆ ಯಾವುದೂ ಆ ವೀಡಿಯೋಗಳಲ್ಲಿ ಇರಲಿಲ್ಲ. ಅದಕ್ಕೇ ನನ್ನ ತಲೆಯಲ್ಲೂ ಇರಲಿಲ್ಲ. ಫೋನ್ ಇಸಕೊಂಡು, ಮುತ್ತಿನ ಫೋಟೋವನ್ನು ಸ್ಟಾಫ್ ರೂಮಿನ ವಾಟ್ಸ್ಯಾಪ್ ಗ್ರೂಪಿಗೆ ಹಾಕಿ, "ಫಸ್ಟ್ ಕ್ಯಾಚ್" ಅಂತಲೂ ಬರೆದೆ.

ಯಜಮಾನರು ನೀರನ್ನೇ ನೋಡುತ್ತಾ ನಿಂತಿದ್ದರು.

"ಯಾಕ್ ಬುಟ್ರಿ ಮೇಷ್ಟ್ರೇ?"

"ಕ್ಯಾಚ್ ಅಂಡ್ ರಿಲೀಸ್ ಯಜಮಾನ್ರೇ. ಹಿಡಿದು ಬಿಡೋದು."

"ಬುಡಾದಾದ್ರೆ ಯಾಕ್ ಇಡೀಬೇಕಿತ್ತು? ಅದ್ರ ಪಾಡ್ಗೆ ಅದಿತ್ತಲ್ಲ. ನಮ್ ಮರಿ ತಿನ್ಲಿ ಅಂತ ಮುತ್ ಕೊಟ್ಟು ಬುಟ್ರಾ?" ಅವರ ದನಿ ಏರಿತ್ತು. ಆಮೇಲೆ ಇಳಿಯಿತು. "ಅಪ್ಪಾರ ಎಡೆಗೆ ಅಂದ್ರಲ್ಲ?"

ಅಷ್ಟು ಹೊತ್ತಿಗೆ ನನಗೆ ಪ್ರಜ್ಞೆ ಬಂತು. ಬಟ್ಟೆ ಸಮೇತ ಎದೆಮಟ್ಟದ ನೀರಿಗೆ ನುಗ್ಗಿ, ಅದು ಹೋದ ಕಡೆ ಎರಡೂ ಕೈಯಲ್ಲಿ ತಡಕಿದೆ. ನಗಬೇಡಿ. ಅಪ್ಪ ಕೈಯಲ್ಲೇ ಹಿಡಿಯುತ್ತಿದ್ದನಲ್ಲ, ನೀರುಗಂಟಿಯ ಮಗ, ರಕ್ತದಲ್ಲಿ ಇದ್ದರೂ ಇರಬಹುದು ಅನ್ನಿಸಿತು. ಇರಲಿಲ್ಲ. ತಾವರೆ ದಂಟು ಸಿಕ್ಕಿತು.

ಮಧ್ಯಾಹ್ನ ಮೂರರವರೆಗೆ ಎಸೆದೆ. ಯಜಮಾನರು ಕನಿಕರಪಟ್ಟು ಬಲೆಯನ್ನೂ ಬೀಸಿದರು. ಒಂದು ಸಲ ಮೋಸಹೋದವನು ಮತ್ತೆ ಯಾಕೆ ಬರುತ್ತಾನೆ? ಅಲ್ಲಿಂದ ಮಂಡ್ಯಕ್ಕೆ ಬಂದು ಮೀನಂಗಡಿಗಳನ್ನೆಲ್ಲ ಸುತ್ತಿದೆ. ಪಕ್ಷದ ಭಾನುವಾರ. ಕೊರಮೀನು ಬೆಳಗ್ಗೆ ಹತ್ತಕ್ಕೇ ಖಾಲಿ. ಕಾಟ್ಲಾ ಬೇಕಾದಷ್ಟಿತ್ತು. ಹತ್ತಿ ನೆನಪಾಗಿ ತರಲಿಲ್ಲ. ಕಡೆಗೆ ಅಕ್ಕನಿಗೆ ಫೋನ್ ಮಾಡಿದೆ. ಅವಳಾಗಲೇ ಕಜ್ಜಾಯದ ಡಬ್ಬಿ ಹಿಡಿದು ನಮ್ಮ ಮನೆಗೆ ಬಂದು ಕೂತಿದ್ದಳು.

ಮನೆಯ ಬಾಗಿಲಲ್ಲೇ ಮೆಂತ್ಯ ಹುರಿದ ವಾಸನೆ ಬಂತು. ಅಮ್ಮ ಒಲೆಯ ಮುಂದೆ ನಿಂತಿದ್ದಳು. ಸಾರು ಕುದಿಯುತ್ತಿತ್ತು. ಮೀನು ಹಾಕುವುದೊಂದೇ ಬಾಕಿ.

"ಎಲ್ಲಿ?"

ಸುಳ್ಳು ಹೇಳಬಹುದಿತ್ತು. ಸಿಗಲಿಲ್ಲ ಅಂದಿದ್ದರೆ ಮುಗಿಯುತ್ತಿತ್ತು. ಆದರೆ ಮೂರು ತಿಂಗಳಲ್ಲಿ ಒಂದೇ ಒಂದು ಮೀನು ಹಿಡಿದಿದ್ದೇನೆ, ಸಿಗಲಿಲ್ಲ ಅನ್ನಲು ಬಾಯಿ ಬರಲಿಲ್ಲ. (ಇಂಥ ಹೊತ್ತಿನಲ್ಲೂ!) ಫೋನ್ ತೆಗೆದು ತೋರಿಸಿದೆ. ನಡೆದದ್ದನ್ನು ಹೇಳಿದೆ.

ಅಮ್ಮ ಕೈ ಒರೆಸಿಕೊಂಡು, ಕನ್ನಡಕ ಹಾಕಿಕೊಂಡು, ಫೋಟೋವನ್ನು ಬಹಳ ಹೊತ್ತು ನೋಡಿದಳು. ಮೂಲೆಯಲ್ಲಿ ಯಜಮಾನರ ಹೆಬ್ಬೆರಳು. ನಡುವೆ ಕಣ್ಣು ಮುಚ್ಚಿದ ನಾನು. ನನ್ನ ತುಟಿಯ ಕೆಳಗೆ ಅಪ್ಪನ ಮೀನು.

"ಬೆಳ್ಕು ಆರದಂಗೆ ಮಾಡ್ಕೊಡು" ಅಂದಳು.

"ಏನಮ್ಮ?"

"ಇದು ಆಗಾಗ ಕಪ್ಗಾಯ್ತದಲ್ಲ, ಆಗದಂಗೆ ಮಾಡ್ಕೊಡು."

ಸೆಟ್ಟಿಂಗ್ಸ್‌ಗೆ ಹೋಗಿ ಮಾಡಿಕೊಟ್ಟೆ. ಅಮ್ಮ ಸಾರನ್ನು ಇಳಿಸಿದಳು. ಮೀನಿಲ್ಲದ ಮೀನು ಸಾರು. ಬಟ್ಟಲಿಗೆ ಬಗ್ಗಿಸಿ ಎಲೆಯ ಮೇಲಿಟ್ಟಳು. ಬಟ್ಟಲ ಪಕ್ಕ, ಬೀಡಿ ಕಟ್ಟಿಗೆ ಒರಗಿಸಿ ನನ್ನ ಫೋನ್ ನಿಲ್ಲಿಸಿದಳು. ಗೋಡೆಯ ಮೇಲಿನ ಅಪ್ಪನ ಫೋಟೋ ನೋಡಿ, "ಸಾರು ಬಟ್ಲಲ್ಲಿ ಅದೆ. ಮೀನು ನಿಮ್ಮಗನ ಫೋನಲ್ಲಿ ಅದೆ. ನೋಡ್ಕಂಡು ಉಣ್ಣಿ" ಅಂದಳು.

ಕರ್ಪೂರ ಹಚ್ಚಿ, ಬಾಗಿಲು ಮುಂದೆ ಮಾಡಿ, ಎಲ್ಲರೂ ಹೊರಗೆ ಬಂದು ನಿಂತೆವು. ಹಿರಿಯರು ಬಂದು ಉಣ್ಣುವ ಹೊತ್ತು ಅದು. ಯಾರೂ ಮಾತಾಡಬಾರದು. ನಾನು ಚಪ್ಪಲಿ ನೋಡುತ್ತಾ ನಿಂತಿದ್ದೆ.

ಒಳಗೆ 'ಟಿಂಗ್' ಅಂತು.

ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿದೆವು. ಮತ್ತೆ 'ಟಿಂಗ್'. ಆಮೇಲೆ ಒಂದರ ಹಿಂದೆ ಒಂದು, ಟಿಂಗ್ ಟಿಂಗ್ ಟಿಂಗ್. ಊರಿನವರೆಲ್ಲ ತಂತಮ್ಮ ಮನೆಯ ಎಡೆ ಮುಗಿಸಿ ಫೋನ್ ಹಿಡಿಯುವ ಹೊತ್ತು. ಸ್ಟಾಫ್ ರೂಮಿನವರು ನನ್ನ ಮುತ್ತಿಗೆ ಮೆಚ್ಚುಗೆ ಒತ್ತುತ್ತಿದ್ದರು.

"ಅಪ್ಪನೇ ಲೈಕ್ ಒತ್ತವ್ನೆ ಅನ್ಸುತ್ತೆ ಕಣ್ಲಾ" ಅಂದಳು ಅಕ್ಕ. ಸುಮ ಸೆರಗು ಬಾಯಿಗೆ ತುರುಕಿಕೊಂಡಳು. ನನಗೂ ನಗು ಒತ್ತಿಕೊಂಡು ಬಂತು. ಅಮ್ಮನ ಕಡೆ ನೋಡಿದೆ. ಅಮ್ಮ ನಗುತ್ತಿರಲಿಲ್ಲ. ಮುಚ್ಚಿದ ಬಾಗಿಲನ್ನೇ ನೋಡುತ್ತಿದ್ದಳು. ಒಳಗೆ ಯಾರೋ ನಿಜವಾಗಿಯೂ ಹಸಿದುಕೊಂಡು ಕೂತಿದ್ದಾರೆ ಅನ್ನುವ ಹಾಗೆ.

ಆವತ್ತಿನಿಂದ ಮಾತಿಲ್ಲ.

ನಾಲ್ಕು ರಾಡುಗಳನ್ನೂ ಕಟ್ಟಿ ಅಟ್ಟಕ್ಕೆ ಹಾಕಿದ್ದೇನೆ. ಸುಮನ ಸೀರೆಗಳು ಬೀರುವಿಗೆ ಮರಳಿವೆ. ಗ್ರೂಪಿನಲ್ಲಿ ಇನ್ನೂ ಕೆಲವರು, "ಸೂಪರ್ ಸಾರ್, ಪ್ರಾಣಿದಯೆ ಅಂದ್ರೆ ಇದು" ಅಂತ ಹಾಕುತ್ತಿದ್ದಾರೆ. ನಾನು ಕೈಮುಗಿಯುವ ಚಿತ್ರ ಕಳಿಸುತ್ತಿದ್ದೇನೆ. ಇನ್ನೇನು ಮಾಡಲಿ?

ಪತ್ರಿಕೆಗೆ ಬರೆಯುತ್ತಿರುವ ಈ ಅಂಕಣವನ್ನು ಇಲ್ಲಿಗೆ ನಿಲ್ಲಿಸಿ, ಹಗುರವಾದ ಒಂದು ಸಾಲು ಸೇರಿಸಿ ಕಳಿಸೋಣ ಅಂದುಕೊಂಡಿದ್ದೆ. ಅಷ್ಟರಲ್ಲಿ ಅಮ್ಮ ಕಾಫಿ ಲೋಟ ತಂದು ಟೇಬಲ್ಲಿನ ಮೇಲಿಟ್ಟಳು. ಸುಮ ಮನೆಯಲ್ಲಿರಲಿಲ್ಲ, ಹಾಲು ತರಲು ಹೋಗಿದ್ದಳು. ನಡುವೆ ಹೇಳಿ ಕಳಿಸಲು ಯಾರೂ ಇಲ್ಲ. ಅಮ್ಮ ಹೋಗದೆ ನಿಂತಳು.

"ಮುತ್ ಕೊಟ್ ಬುಡಾದು ಫೋನಲ್ ನೋಡಿ ಕಲ್ತಿದ್ದಾ?"

ಐದು ದಿನದ ಮೇಲೆ ಮೊದಲ ಮಾತು. ಖುಷಿಯಲ್ಲಿ ತಲೆಯಾಡಿಸಿದೆ.

"ಅಪ್ಪುಂಗೆ ಮೀನ್ ಕೊಡಬ್ಯಾಡ ಅಂತ ಒಂದ್ ವೀಡ್ಯೋ ಯೋಳ್ತು, ನೀನ್ ಕೇಳ್ದೆ. ಮೀನ್ನ ನೀರ್ಗ್ ಬುಡು ಅಂತ ಇನ್ನೊಂದು ಯೋಳ್ತು, ಅದ್ನೂ ಕೇಳ್ದೆ. ನಿಮ್ಮಪ್ಪ ಬಾಯ್ಬುಟ್ಟು ಒಂದ್ ಬಟ್ಲು ಸಾರು ಅಂದ್ರಲ್ಲ, ಅದೊಂದು ಯಾಕ್ಲಾ ನಿನ್ ಕಿವಿಗ್ ಬೀಳ್ನಿಲ್ಲ?"